ಪಿತ್ತರಸವೂ ಸ್ನೇಹಪಚನವೂ

ಕಾಮಾಲೆಯ ರೋಗಿಗೆ ಎಣ್ಣೆ ತುಪ್ಪಗಳು ವರ್ಜ್ಯವೆಂಬ ಪಥ್ಯವು ನಮ್ಮ ಮಂಗಳೂರು ಸೀಮೆಯ ಮನೆಗಳಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಪಿತ್ತವು ಏರಿದೆ, ಜಿಡ್ಡು ಅದನ್ನು ಇನ್ನೂ ಕೆರಳಿಸುವುದೆಂದು ಹಿರಿಯರು ಕಾರಣ ಹೇಳುವರು. ಘೃತವು ಪಿತ್ತಹರವೆಂದು ವೈದ್ಯಗ್ರಂಥಗಳೇ ಸಾರುತ್ತಿರುವಾಗ ಈ ಸಮಾಧಾನವು ಸಾಲದು.

ಚರಕಸಂಹಿತೆಯ ಪಾಂಡುರೋಗಾಧ್ಯಾಯದಲ್ಲಿ ಬೇರೊಂದು ಮಾತುಂಟು. ಕಾಮಾಲೆಯವನ ಮಲವು ಅರೆದ ಎಳ್ಳಿನಂತೆ ಕಂಡರೆ, ಕಫವು ಪಿತ್ತದ ದಾರಿಯನ್ನು ಕಟ್ಟಿದೆಯೆಂದು ತಿಳಿಯತಕ್ಕದ್ದು. ಎಂದರೆ, ಮೈಯಲ್ಲಿ ಹೆಚ್ಚಿದ ಪಿತ್ತವು ಕರುಳಿಗೆ ಇಳಿದಿಲ್ಲ. ತ್ರಿದೋಷಗಳೊಳಗಿನ ಪಿತ್ತವನ್ನೂ ಯಕೃತ್ತಿನ ಹಸುರು ರಸವನ್ನೂ ಒಂದೇ ಎಂದು ಎಣಿಸಲಾಗದು. ಆದರೂ ಈ ಒಂದು ಸ್ಥಳದಲ್ಲಿ ಅವೆರಡೂ ತೀರ ಸಮೀಪಕ್ಕೆ ಬಂದಿವೆ.

ಕರುಳಿನಲ್ಲಿ ಆ ರಸದ ಕೆಲಸವೇನೆಂಬುದು ಫ್ರಾನ್ಸ್ ದೇಶದಲ್ಲಿ ಇತ್ಯರ್ಥವಾಯಿತು. ಮೊಲದ ಸಣ್ಣ ಕರುಳಿನಲ್ಲಿ ಪಿತ್ತನಾಳವು ಮೇಲೆಯೂ ಮೇದೋಜೀರಕ ಗ್ರಂಥಿಯ ನಾಳವು ಬಹಳ ಕೆಳಗೂ ತೆರೆಯುವುವು. 1848ರ ಸುಮಾರಿಗೆ ಕ್ಲೋದ್ ಬರ್ನಾರನು ಮೊಲಕ್ಕೆ ಕೊಬ್ಬನ್ನು ತಿನ್ನಿಸಿ ನೋಡಲು, ಕೊಬ್ಬನ್ನು ಹೀರಿ ಹಾಲಿನಂತೆ ಬಿಳುಪಾಗುವ ಸೂಕ್ಷ್ಮನಾಳಗಳು ಎರಡನೆಯ ಬಾಯಿಯ ಕೆಳಗೆ ಮಾತ್ರ ಕಂಡವು. ಪಚನವು ಮೇದೋಜೀರಕ ರಸದ್ದೆಂದು ಆತನ ತೀರ್ಮಾನ. ಅದೇ ಶತಮಾನದ ಕೊನೆಯ ಭಾಗದಲ್ಲಿ ಆಲ್ಬೇರ್ ದಾಸ್ತ್ರನು ನಾಯಿಯ ಪಿತ್ತವನ್ನು ಕೆಳಗಿನ ಕರುಳಿಗೆ ತಿರುಗಿಸಿದನು. ಆಗ ಪಿತ್ತವು ಸೇರಿದಲ್ಲಿಂದ ಮುಂದಕ್ಕೆ ಮಾತ್ರ ನಾಳಗಳು ಬಿಳುಪಾದವು. ಎರಡು ರಸಗಳೂ ಕೂಡಿದಲ್ಲದೆ ಕೊಬ್ಬು ಸರಿಯಾಗಿ ಮೈಗೂಡದೆಂಬುದು ಇದರಿಂದ ಸ್ಪಷ್ಟವಾಯಿತು.

ಪಿತ್ತವು ತಾನಾಗಿ ಕೊಬ್ಬನ್ನು ಜೀರ್ಣಿಸುವುದಿಲ್ಲ. ಅದರಲ್ಲಿರುವ ಲವಣಗಳ ಅಣುವಿನ ಒಂದು ಮಗ್ಗುಲು ನೀರಿಗೂ ಮತ್ತೊಂದು ಎಣ್ಣೆಗೂ ಒಲಿಯುವುದು. ಅಭ್ಯಂಗದ ಜಿಡ್ಡನ್ನು ಸೀಗೆಪುಡಿಯು ಬಿಡಿಸುವಂತೆ ಅವು ಕೊಬ್ಬನ್ನು ಸಣ್ಣ ಹನಿಗಳಾಗಿ ಹರಡುವುವು; ಮೇದೋಜೀರಕ ರಸವು ಒಡೆದ ಭಾಗಗಳನ್ನು ನೀರಿನಲ್ಲಿ ಹೊತ್ತು ಕರುಳಿನ ಗೋಡೆಗೆ ಮುಟ್ಟಿಸುವುವು. ಕೆಲಸ ತೀರಿದ ಮೇಲೆ ನೂರಕ್ಕೆ ಸುಮಾರು 95 ಪಾಲು ಲವಣವು ಯಕೃತ್ತಿಗೆ ಹಿಂದಿರುಗುವುದು. ಎಂತಹ ಮಿತವ್ಯಯ! ಇವುಗಳ ಮೂಲವಾದ ಪಿತ್ತಾಮ್ಲಗಳ ರಚನೆಯನ್ನು ಶೋಧಿಸಿದುದಕ್ಕಾಗಿ ಜರ್ಮನಿಯ ಹೈನ್‌ರಿಖ್ ವೀಲಾಂಡರಿಗೆ 1927ರ ನೊಬೆಲ್ ಬಹುಮಾನವು ಸಂದಿತು.

ದಾರಿ ಕಟ್ಟಿದ ಕಾಮಾಲೆಯಲ್ಲಿ ತಿಂದ ತುಪ್ಪದ ಒಂದು ದೊಡ್ಡ ಪಾಲು ಮೈಗೂಡದೆ ಹೊರಬೀಳುವುದು. ಪಥ್ಯಕ್ಕೆ ನಿಜವಾದ ಆಧಾರವಿದು. ಕೊಬ್ಬಿನೊಡನೆ ಒಳಸೇರತಕ್ಕ ‘ಕೆ’ ಜೀವಸತ್ವವೂ ಆಗ ದೊರೆಯದು. ಅದಿಲ್ಲದೆ ರಕ್ತವು ಸರಿಯಾಗಿ ಹೆಪ್ಪುಗಟ್ಟದು. ಇಂತಹ ರೋಗಿಗಳಲ್ಲಿ ಹಲವರು ಶಸ್ತ್ರಚಿಕಿತ್ಸೆಯ ಬಳಿಕ ರಕ್ತ ಸೋರಿ ಮಡಿಯುತ್ತಿದ್ದರು. 1938ರಲ್ಲಿ ಅಮೇರಿಕೆಯ ವೈದ್ಯರು ಆ ಜೀವಸತ್ವವನ್ನು ಪಿತ್ತಲವಣದೊಡನೆ ಕೊಟ್ಟು ರಕ್ತಸ್ರಾವವನ್ನು ತಡೆದರು.

ನೆಲನೆಲ್ಲಿಯನ್ನು ಅರೆದು ಕುಡಿಸುವ ನಮ್ಮ ಮನೆಗಳಲ್ಲಿ ಚರಕನು ಹೇಳಿದ ಬಣ್ಣವನ್ನು ಗಮನಿಸುವವರು ಕಡಮೆ. ಪಿತ್ತನಾಳಕ್ಕೆ ಕಲ್ಲು ಅಡ್ಡವಾಗಿದ್ದರೆ ಆ ಸೊಪ್ಪಿನ ರಸವು ಅದನ್ನು ಸರಿಸಲಾರದು.