ಹರಿಶ್ಚಂದ್ರನ ಕಾರ್ಖಾನೆ ನಾಸಿಕಕ್ಕೆ ಬಂದ ಕಥೆ

ಕರ್ನಾಟಕದಿಂದ ಶಿರಡಿಗೆ ಹೊರಡುವ ಯಾತ್ರೆಯ ಬಸ್ಸುಗಳು ಸಾಮಾನ್ಯವಾಗಿ ನಾಸಿಕವನ್ನೂ ಸುತ್ತಿಸಿಕೊಂಡೇ ಊರಿಗೆ ಮರಳುತ್ತವೆ. ಪಂಚವಟಿಯಲ್ಲಿ ಗೋದಾವರಿ ಸ್ನಾನ, ತ್ರ್ಯಂಬಕೇಶ್ವರದಲ್ಲಿ ಜ್ಯೋತಿರ್ಲಿಂಗದ ದರ್ಶನ. ಸಮಯ ಉಳಿದವರು ಉತ್ತರದ ದಾರಿ ಹಿಡಿದು, ದಿಂಡೋರಿಯ ದ್ರಾಕ್ಷಿ ತೋಟಗಳನ್ನು ದಾಟಿ, ವಣಿಯ ಸಪ್ತಶೃಂಗಿ ದೇವಿಗೆ ಕೈಮುಗಿದು ಬರುತ್ತಾರೆ. ರಾಮ, ಸೀತೆ, ಲಕ್ಷ್ಮಣರ ಹೆಸರು ಹೇಳದ ಕಲ್ಲೇ ಇಲ್ಲದಂಥ ಜಿಲ್ಲೆ ಇದು. ಇದೇ ರಾಮ ಸೀತೆಯರನ್ನು ಪರದೆಯ ಮೇಲೆ ನಡೆಸಿ ತೋರಿಸಿದ ಮನುಷ್ಯ ಹುಟ್ಟಿದ್ದೂ ಸತ್ತದ್ದೂ ಇಲ್ಲಿಯೇ. ಧುಂಡಿರಾಜ ಗೋವಿಂದ ಫಾಲ್ಕೆ 1870ರ ಏಪ್ರಿಲ್ 30ರಂದು ತ್ರ್ಯಂಬಕದಲ್ಲಿ ಹುಟ್ಟಿದರು. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ತೀರಿಕೊಂಡರು.

‘ಭಾರತೀಯ ಸಿನಿಮಾದ ಪಿತಾಮಹ’ ಎಂದು ನಾವು ಅವರನ್ನು ಎಷ್ಟು ಸಲ ಕರೆದಿದ್ದೇವೆಂದರೆ, ಆ ಬಿರುದಿನ ಕೆಳಗೆ ಒಬ್ಬ ಕಸುಬುದಾರ ಮರೆಯಾಗಿಹೋಗಿದ್ದಾನೆ. ಫಾಲ್ಕೆ ಸಿನಿಮಾಕ್ಕೆ ಕೈಹಾಕಿದಾಗ ವಯಸ್ಸು ನಲವತ್ತು ದಾಟಿತ್ತು. ಅದಕ್ಕೂ ಮೊದಲು ಅವರು ಚಿತ್ರಕಾರ, ಮಾದರಿ ಕಟ್ಟುವವ, ಛಾಯಾಗ್ರಾಹಕ, ನಾಟಕದ ಪರದೆ ಬರೆಯುವವ, ಜಾದೂಗಾರ, ಪುರಾತತ್ವ ಇಲಾಖೆಯ ನಕ್ಷೆಗಾರ, ಮುದ್ರಕ ಎಲ್ಲವೂ ಆಗಿದ್ದರು. ಹೆಚ್ಚಿನವುಗಳಲ್ಲಿ ನೆಲೆ ನಿಲ್ಲಲಿಲ್ಲ. ನಿಲ್ಲದೆ ಹೋದ ಆ ಒಂದೊಂದು ಕಸುಬೂ ಮುಂದೆ ಸಿನಿಮಾದ ಒಂದೊಂದು ವಿಭಾಗವಾಗಿ ಮರಳಿ ಬಂತು. ಫಾಲ್ಕೆಯವರ ಬದುಕಿನಲ್ಲಿ ಅತ್ಯಂತ ಬೆಲೆಬಾಳುವ ಸಂಗತಿ ಇದೇ ಎಂದು ನನ್ನ ಎಣಿಕೆ.

ತಂದೆ ದಾಜಿಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ಪೌರೋಹಿತ್ಯ ಬಲ್ಲವರು. ಅವರಿಗೆ ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಾಗ ಕುಟುಂಬ ತ್ರ್ಯಂಬಕ ಬಿಟ್ಟಿತು. ಮಂತ್ರ ಕಲಿಯುತ್ತಿದ್ದ ಹುಡುಗ 1885ರಲ್ಲಿ ಜೆ.ಜೆ. ಕಲಾಶಾಲೆ ಸೇರಿ ರೇಖೆ ಕಲಿತ. ಅಣ್ಣನ ಜೊತೆ ಬರೋಡಕ್ಕೆ ಹೋದಮೇಲೆ ಅಲ್ಲಿನ ಕಲಾಭವನದಲ್ಲಿ ತೈಲವರ್ಣ, ಜಲವರ್ಣ, ವಾಸ್ತು, ಮೂರ್ತಿ ಮಾದರಿ ಎಲ್ಲವನ್ನೂ ಅಭ್ಯಾಸ ಮಾಡಿದ. ಸಯಾಜಿರಾವ್ ಗಾಯಕವಾಡರ ಆಶ್ರಯದ ಆ ಸಂಸ್ಥೆಯಲ್ಲಿ ಕಲೆಗೂ ಕೈಗಾರಿಕೆಗೂ ನಡುವೆ ಗೋಡೆ ಇರಲಿಲ್ಲ. ಮುಖ್ಯಸ್ಥರಾಗಿದ್ದ ಪ್ರೊ. ಗಜ್ಜರ್ ರಸಾಯನಶಾಸ್ತ್ರಜ್ಞರು. ಈ ಶಿಷ್ಯನ ಕೈಚಳಕ ಕಂಡು ಅವರು ಅವನನ್ನು ರತಲಾಮಿಗೆ ಕಳಿಸಿ ಮೂರು ಬಣ್ಣದ ಬ್ಲಾಕ್ ತಯಾರಿ, ಫೋಟೊ ಲಿಥೋ, ಡಾರ್ಕ್‌ರೂಮ್ ಕೆಲಸಗಳನ್ನು ಕಲಿಸಿದರು. 1892ರಲ್ಲಿ ಅಹಮದಾಬಾದಿನ ಕೈಗಾರಿಕಾ ಪ್ರದರ್ಶನದಲ್ಲಿ ಫಾಲ್ಕೆ ಆದರ್ಶ ರಂಗಮಂದಿರವೊಂದರ ಮಾದರಿ ಮಾಡಿಟ್ಟು ಚಿನ್ನದ ಪದಕ ಪಡೆದರು.

ಆಮೇಲಿನ ವರ್ಷಗಳು ಕಷ್ಟದವು. ಗೋಧ್ರಾದಲ್ಲಿ ಫೋಟೊ ಸ್ಟುಡಿಯೊ ತೆರೆದರು. 1900ರ ಪ್ಲೇಗಿನಲ್ಲಿ ಹೆಂಡತಿ, ಮಗು ಇಬ್ಬರೂ ಹೋದರು. ಬರೋಡಕ್ಕೆ ಮರಳಿ ಮತ್ತೆ ಕ್ಯಾಮೆರಾ ಹಿಡಿದರೆ, ಅದರೆದುರು ಕೂತವರ ಆಯುಸ್ಸು ಸೋರಿಹೋಗುತ್ತದೆಂಬ ಭಯ ಊರಲ್ಲಿ ಹಬ್ಬಿತ್ತು. ಗಿರಾಕಿಗಳಿಲ್ಲದ ಆ ದಿನಗಳಲ್ಲಿ ಅವರು ನಾಟಕ ಕಂಪನಿಗಳಿಗೆ ಪರದೆ ಬರೆದುಕೊಟ್ಟರು. ಅರಮನೆ, ಅರಣ್ಯ, ಬೀದಿ ಬರೆಯುತ್ತಲೇ ದೃಶ್ಯವನ್ನು ಹೇಗೆ ಕಟ್ಟುತ್ತಾರೆ, ನಟನನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಕಣ್ಣಿಗೆ ಹಿಡಿಸಿತು. ಊರೂರು ಸುತ್ತುತ್ತಿದ್ದ ಜರ್ಮನ್ ಜಾದೂಗಾರನೊಬ್ಬನಿಂದ ಕಣ್ಕಟ್ಟು ಕಲಿತು, 1901ರ ಹೊತ್ತಿಗೆ ತಮ್ಮ ಮನೆತನದ ಹೆಸರಿನ ಅಕ್ಷರಗಳನ್ನು ತಿರುವಿಹಾಕಿ ‘ಪ್ರೊಫೆಸರ್ ಕೆಲ್ಫಾ’ ಎಂಬ ಹೆಸರಿನಲ್ಲಿ ಪ್ರದರ್ಶನವನ್ನೂ ಕೊಟ್ಟರು.

1902ರಲ್ಲಿ ಎರಡನೆಯ ಮದುವೆ. ಹುಡುಗಿ ಗಿರಿಜಾ, ಮದುವೆಯ ನಂತರ ಸರಸ್ವತಿ. ಆಕೆ ಕಿರ್ಲೋಸ್ಕರ್ ನಾಟಕ ಮಂಡಳಿಯ ಮಾಲೀಕರ ಬಂಧು. ಕನ್ನಡ ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಆ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಅದಕ್ಕೂ ಹಿಂದೆ, ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ ಸಾಂಗಲಿಗೆ ಹೋಗಿ ಆಡಿದ ಆಟ ಕಂಡ ಅಲ್ಲಿನ ದೊರೆ, ಮರಾಠಿಯಲ್ಲೂ ಅಂಥದ್ದು ಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದ. 1843ರ ‘ಸೀತಾಸ್ವಯಂವರ’ ಹಾಗೆ ಹುಟ್ಟಿತು. ಪುರಾಣದ ಕಥೆ, ಗಂಡಸರೇ ಕಟ್ಟುವ ಹೆಣ್ಣುವೇಷ, ರಾಕ್ಷಸರ ಅಬ್ಬರ, ಕಣ್ಣೆದುರೇ ನಡೆಯುವ ಪವಾಡ: ಫಾಲ್ಕೆಯ ಪರದೆಗೆ ಬಂದ ಈ ಸರಕೆಲ್ಲ ಮರಾಠಿ ರಂಗಭೂಮಿಯಲ್ಲಿ ಮೊದಲೇ ಇತ್ತು. ಅದರ ಬೇರಿನ ಒಂದು ಎಳೆ ಹೊನ್ನಾವರದ ಪಕ್ಕದ ಊರಿನಲ್ಲಿದೆ. ನಮ್ಮ ಸಿನಿಮಾ ಚರಿತ್ರೆಯ ಪುಸ್ತಕಗಳು ಈ ಎಳೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದು ಬರೆಯಬೇಕು.

1903ರಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ನೌಕರಿ ಸಿಕ್ಕಿತು. ಸ್ವದೇಶಿ ಚಳವಳಿಯ ಬಿಸಿಯಲ್ಲಿ 1906ಕ್ಕೆ ಅದನ್ನೂ ಬಿಟ್ಟು ಲೋಣಾವಳದಲ್ಲಿ ಅಚ್ಚುಕೂಟ ಹಾಕಿದರು. ರವಿವರ್ಮ ಪ್ರೆಸ್ಸಿಗೆ ಫೋಟೊ ಲಿಥೋ ಕೆಲಸ ಮಾಡಿಕೊಟ್ಟದ್ದು ಈ ಕಾಲದಲ್ಲಿ. ನಮ್ಮ ಅಜ್ಜಿಯಂದಿರ ದೇವರ ಮನೆಯ ಲಕ್ಷ್ಮಿ ಸರಸ್ವತಿಯರು ಆ ಪ್ರೆಸ್ಸಿನಿಂದ ಬಂದವರು. ದೇವರಿಗೆ ಯಾವ ಸೀರೆ, ಯಾವ ಕಿರೀಟ, ಯಾವ ಭಂಗಿ ಎಂಬುದನ್ನು ಇಡೀ ದೇಶಕ್ಕೆ ಒಂದೇ ಅಚ್ಚಿನಲ್ಲಿ ಹಂಚಿದ ಕಾರ್ಖಾನೆ ಅದು. ಕಲ್ಲಚ್ಚಿನ ಮೇಲೆ ಆ ಮುಖಗಳನ್ನು ದಿನವೂ ಕಂಡ ಕಣ್ಣು ಮುಂದೆ ರಾಮನನ್ನೂ ಕೃಷ್ಣನನ್ನೂ ಚೌಕಟ್ಟಿನೊಳಗೆ ನಿಲ್ಲಿಸಿತು. 1909ರಲ್ಲಿ ಬಣ್ಣದ ಮುದ್ರಣದ ಯಂತ್ರಕ್ಕಾಗಿ ಜರ್ಮನಿಗೂ ಹೋಗಿಬಂದರು. ಪಾಲುದಾರರೊಂದಿಗೆ ಹೊಂದಾಣಿಕೆಯಾಗದೆ ಆ ಉದ್ಯಮದಿಂದಲೂ ಹೊರಬಂದರು.

1911ರ ಈಸ್ಟರ್ ದಿನಗಳು. ಮುಂಬಯಿಯ ಗಿರಗಾಂವದ ಅಮೆರಿಕಾ ಇಂಡಿಯಾ ಪಿಕ್ಚರ್ ಪ್ಯಾಲೇಸಿನಲ್ಲಿ ಕ್ರಿಸ್ತನ ಜೀವನದ ಚಿತ್ರ ನಡೆಯುತ್ತಿತ್ತು. ಅದನ್ನು ನೋಡುವಾಗ ತಮ್ಮ ಕಣ್ಣಿಗೆ ಕೃಷ್ಣ, ರಾಮ, ಗೋಕುಲ, ಅಯೋಧ್ಯೆ ಕಾಣತೊಡಗಿದವೆಂದು ಫಾಲ್ಕೆ ಮುಂದೆ ‘ನವಯುಗ’ ಪತ್ರಿಕೆಯಲ್ಲಿ ಬರೆದರು. ಅಲ್ಲಿಂದ ಎಡೆಬಿಡದೆ ಚಿತ್ರ ನೋಡಿದರು, ರೀಲಿನ ತುಂಡುಗಳನ್ನು ಪರೀಕ್ಷಿಸಿದರು. ಕಣ್ಣು ದಣಿದು ಕೆಲಕಾಲ ದೃಷ್ಟಿಯೇ ಹೋಯಿತು. ಚಿಕಿತ್ಸೆಯ ನಂತರ ಮರಳಿತು. ವಿಮಾ ಪಾಲಿಸಿ ಅಡವಿಟ್ಟು 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿ ‘ಬಯೋಸ್ಕೋಪ್’ ಪತ್ರಿಕೆಯ ಸಂಪಾದಕ ಕಬೋರ್ನ್ ದಾರಿ ತೋರಿದರು. ಸೆಸಿಲ್ ಹೆಪ್‌ವರ್ತ್ ತಮ್ಮ ಸ್ಟುಡಿಯೊದ ಬಾಗಿಲು ತೆರೆದರು. 50 ಪೌಂಡಿಗೆ ವಿಲಿಯಮ್ಸನ್ ಕ್ಯಾಮೆರಾ ಕೊಂಡು, ಕೊಡ್ಯಾಕ್ ಕಚ್ಚಾ ಫಿಲ್ಮಿಗೂ ರಂಧ್ರ ಕೊರೆಯುವ ಯಂತ್ರಕ್ಕೂ ಆರ್ಡರ್ ಕೊಟ್ಟು ಏಪ್ರಿಲ್ ಹೊತ್ತಿಗೆ ಮರಳಿದರು.

ಮೊದಲು ತೆಗೆದದ್ದು ಬಟಾಣಿ. ಕುಂಡದಲ್ಲಿ ಬೀಜ ಬಿತ್ತಿ, ದಿನವೂ ಅದೇ ಜಾಗದಿಂದ ಚೂರುಚೂರೇ ಚಿತ್ರಿಸಿ, ಒಂದು ತಿಂಗಳ ಬೆಳವಣಿಗೆಯನ್ನು ಒಂದು ನಿಮಿಷಕ್ಕೆ ಇಳಿಸಿದರು. ಸಾಲ ಕೊಡಬೇಕಾದವರಿಗೆ ತೋರಿಸಲು ಮಾಡಿದ ಪುರಾವೆ ಅದು. ಕೆಲಸ ಮಾಡಿತು. ಯಶವಂತ ನಾಡಕರ್ಣಿ ಹಣ ಕೊಡಲು ಮುಂದಾದರು. ಉಳಿದದ್ದಕ್ಕೆ ಸರಸ್ವತಿಬಾಯಿಯ ಒಡವೆ.

ಸರಸ್ವತಿಬಾಯಿಯ ಬಗ್ಗೆ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದರೆ ಅನ್ಯಾಯ. ಆಗ ಕಚ್ಚಾ ಫಿಲ್ಮಿಗೆ ಅಂಚಿನ ರಂಧ್ರಗಳಿರುತ್ತಿರಲಿಲ್ಲ. ಕತ್ತಲ ಕೋಣೆಯಲ್ಲಿ ಕೂತು, ಅಂದಾಜಿನಲ್ಲೇ, ಸಾವಿರಾರು ಅಡಿ ಸುರುಳಿಗೆ ರಂಧ್ರ ಕೊರೆದವರು ಅವರು. ಒಂದು ರಂಧ್ರ ಸರಿದರೂ ಚಿತ್ರ ಕುಣಿಯುತ್ತದೆ. ರಾಸಾಯನಿಕ ಬೆರೆಸಿ ಫಿಲ್ಮ್ ತೊಳೆಯುವುದನ್ನು ಕಲಿತರು. ದಾದರಿನ ಮನೆಯ ಅಂಗಳದಲ್ಲಿ ಚಿತ್ರೀಕರಣ ನಡೆಯುವಾಗ ಬಿಸಿಲು ತಿರುಗಿಸಲು ಬಿಳಿ ಬಟ್ಟೆ ಹಿಡಿದು ನಿಂತರು. ಇದೆಲ್ಲದರ ನಡುವೆ ಅರುವತ್ತು ಎಪ್ಪತ್ತು ಜನರ ಅಡುಗೆಯೂ ಅವರದೇ. ಗಂಡ ಯಂತ್ರ ತಂದಿರಬಹುದು. ಈ ದೇಶದ ಮೊದಲ ಚಿತ್ರ ತಂತ್ರಜ್ಞೆ ಎಂಬ ಗೌರವ ಸರಸ್ವತಿಬಾಯಿಗೆ ಸಲ್ಲಬೇಕು.

ಕಥೆಗೆ ಆರಿಸಿಕೊಂಡದ್ದು ಸತ್ಯ ಹರಿಶ್ಚಂದ್ರನನ್ನು. ಅವನ ರಾಣಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಒಪ್ಪಲಿಲ್ಲ. ಗ್ರಾಂಟ್ ರಸ್ತೆಯ ಖಾನಾವಳಿಯೊಂದರಲ್ಲಿ ದುಡಿಯುತ್ತಿದ್ದ ಅಣ್ಣಾ ಸಾಳುಂಕೆಯ ನೀಳ ಬೆರಳುಗಳು ಫಾಲ್ಕೆಯ ಕಣ್ಣಿಗೆ ಬಿದ್ದವು. ತಿಂಗಳಿಗೆ 10 ರೂಪಾಯಿ ಸಿಗುತ್ತಿದ್ದವನಿಗೆ 15 ಕೊಟ್ಟು ಕರೆತಂದರು. ಹರಿಶ್ಚಂದ್ರನಾದವರು ದತ್ತಾತ್ರಯ ದಾಬ್ಕೆ. ಮಗ ರೋಹಿತಾಶ್ವನಾದದ್ದು ಫಾಲ್ಕೆಯವರ ಸ್ವಂತ ಮಗ ಭಾಲಚಂದ್ರ. ಸಿನಿಮಾದಲ್ಲಿ ಕೆಲಸ ಎಂದರೆ ಜನ ಮೂಗು ಮುರಿಯುತ್ತಿದ್ದ ಕಾಲ. ಯಾರಾದರೂ ಕೇಳಿದರೆ ‘ಹರಿಶ್ಚಂದ್ರನ ಕಾರ್ಖಾನೆ’ಯಲ್ಲಿ ಇದ್ದೇವೆ ಎನ್ನಿರಿ ಎಂದು ಫಾಲ್ಕೆ ಹೇಳಿಕೊಟ್ಟರಂತೆ. ಹೊರಾಂಗಣ ದೃಶ್ಯಕ್ಕೆ ಕತ್ತಿ, ಗುರಾಣಿ ಹೊತ್ತು ಹಳ್ಳಿಯೊಂದಕ್ಕೆ ಹೋದ ತಂಡವನ್ನು ದರೋಡೆಕೋರರೆಂದು ಹಿಡಿದಿಟ್ಟ ಪ್ರಸಂಗವನ್ನು ಮರಾಠಿಗರು ಇಂದಿಗೂ ಹೇಳುತ್ತಾರೆ. ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯ ಕೊರೊನೇಷನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಉದ್ದ 3,700 ಅಡಿ, ನಾಲ್ಕು ರೀಲು.

ಹಿಂದಿನ ವರ್ಷ, 1912ರ ಮೇ 18ರಂದು, ಅದೇ ಕೊರೊನೇಷನ್ನಿನಲ್ಲಿ ದಾದಾಸಾಹೇಬ ತೋರಣೆಯವರ ‘ಶ್ರೀ ಪುಂಡಲೀಕ’ ತೆರೆಕಂಡಿತ್ತು. ಹಾಗಾದರೆ ಮೊದಲಿಗರು ಯಾರು ಎಂಬ ಜಗಳ ಇಂದಿಗೂ ಇದೆ. ‘ಪುಂಡಲೀಕ’ ರಂಗದ ಮೇಲಿನ ನಾಟಕವನ್ನು ಚಿತ್ರಿಸಿದ್ದು, ಕ್ಯಾಮೆರಾ ತಿರುಗಿಸಿದವನು ವಿದೇಶಿ, ಫಿಲ್ಮ್ ಸಂಸ್ಕರಣೆಯೂ ಲಂಡನ್ನಿನಲ್ಲಿ. ತೋರಣೆಯವರ ಸಾಹಸಕ್ಕೆ ಗೌರವ ಸಲ್ಲಲಿ. ಆದರೆ ಕಥೆ ಬರೆಯುವುದರಿಂದ ಹಿಡಿದು ಪ್ರಿಂಟು ಒಣಗಿಸುವವರೆಗಿನ ಪ್ರತಿ ಕೆಲಸವನ್ನೂ ಇಲ್ಲಿನವರ ಕೈಗೆ ಕಲಿಸಿದ್ದು ಫಾಲ್ಕೆ. ಕಸುಬಿನ ಲೆಕ್ಕದಲ್ಲಿ ನೋಡಿದರೆ ಜಗಳಕ್ಕೆ ಜಾಗವಿಲ್ಲ.

‘ರಾಜಾ ಹರಿಶ್ಚಂದ್ರ’ದ ಗೆಲುವಿನ ಬೆನ್ನಲ್ಲೇ ಫಾಲ್ಕೆ ಮುಂಬಯಿ ಬಿಟ್ಟು ನಾಸಿಕಕ್ಕೆ ಬಂದರು. ಇಲ್ಲಿ ಗೋದಾವರಿಯ ಘಟ್ಟಗಳಿದ್ದವು, ಹಳೆಯ ದೇಗುಲಗಳಿದ್ದವು, ಬೆಟ್ಟ ಗುಹೆಗಳಿದ್ದವು. ಸೆಟ್ ಕಟ್ಟದೆಯೇ ಪುರಾಣ ಸಿಗುವ ಊರು. ನಾಟಕದ ಹುಚ್ಚೂ ಇಲ್ಲಿನ ಜನರಿಗೆ ಹೊಸತಲ್ಲ. 

ನಾಸಿಕದ ಮೊದಲ ಚಿತ್ರ ‘ಮೋಹಿನಿ ಭಸ್ಮಾಸುರ’ದಲ್ಲಿ ಹೆಣ್ಣುಪಾತ್ರಕ್ಕೆ ಹೆಣ್ಣುಮಕ್ಕಳೇ ಸಿಕ್ಕರು. ರಂಗಭೂಮಿಯ ದುರ್ಗಾಬಾಯಿ ಕಾಮತ್ ಪಾರ್ವತಿಯಾದರು, ಅವರ ಎಳೆಯ ಮಗಳು ಕಮಲಾಬಾಯಿ ಮೋಹಿನಿಯಾದಳು. ಕಲಾವಿದರು, ಬಡಗಿಗಳು, ವೇಷದವರು, ಮನೆಮಕ್ಕಳು ಎಲ್ಲರೂ ಒಟ್ಟಿಗೆ ಉಂಡು, ಒಟ್ಟಿಗೆ ದುಡಿದು, ಚಿತ್ರ ತಯಾರಾಗುತ್ತಿತ್ತು. ನಮ್ಮ ಗುಬ್ಬಿ ಕಂಪನಿಯ ಬಿಡಾರವನ್ನು ನೆನೆದುಕೊಂಡರೆ ಆ ವಠಾರದ ಬದುಕು ಕಣ್ಣಿಗೆ ಕಟ್ಟುತ್ತದೆ.

1914ರಲ್ಲಿ ಫಾಲ್ಕೆ ತಮ್ಮ ಚಿತ್ರಗಳನ್ನು ಲಂಡನ್ನಿಗೆ ಒಯ್ದು ತೋರಿಸಿದರು. ಅಲ್ಲೇ ಉಳಿದು ಚಿತ್ರ ಮಾಡಿ ಎಂದು ಕರೆ ಬಂತು, ಒಪ್ಪಲಿಲ್ಲ. ಮಹಾಯುದ್ಧ ಶುರುವಾಗಿ ಹಣ ಹಾಕುವವರು ಹಿಂದೆಗೆದರು. ಕೈ ಖಾಲಿಯಾದ ಆ ದಿನಗಳ ಸಣ್ಣ ಚಿತ್ರಗಳನ್ನು ನಾನು ಅವರ ದೊಡ್ಡ ಪುರಾಣ ಚಿತ್ರಗಳಷ್ಟೇ ಮೇಲೆ ಇಡುತ್ತೇನೆ. ಬೆಂಕಿಕಡ್ಡಿಗಳನ್ನು ಒಂದೊಂದೇ ಚೌಕಟ್ಟಿಗೆ ಸರಿಸಿ ಆಡಿಸಿದರು. ತಳೇಗಾಂವದ ಗಾಜಿನ ಕಾರ್ಖಾನೆಯನ್ನು ಚಿತ್ರಿಸಿದರು. ಪ್ರೊಫೆಸರ್ ಕೆಲ್ಫಾ ಮತ್ತೆ ಎದ್ದು ಬಂದು ಕ್ಯಾಮೆರಾದ ಮುಂದೆ ಜಾದೂ ಮಾಡಿದ. ‘ಚಲನಚಿತ್ರ ಹೇಗೆ ತಯಾರಾಗುತ್ತದೆ’ ಎಂಬುದನ್ನೇ ವಿಷಯ ಮಾಡಿ ಇನ್ನೊಂದು ಚಿತ್ರ ತೆಗೆದರು. ಗುಟ್ಟು ಕಾಯುವುದು ಜಾದೂಗಾರನ ಕಸುಬು. ಫಾಲ್ಕೆ ಅದನ್ನು ಊರಿಗೆಲ್ಲ ಬಿಚ್ಚಿ ತೋರಿಸಿದರು.

1917ರ ‘ಲಂಕಾದಹನ’ ಎಲ್ಲವನ್ನೂ ಬದಲಿಸಿತು. ಸಾಳುಂಕೆಯೇ ರಾಮ, ಸಾಳುಂಕೆಯೇ ಸೀತೆ. ಹನುಮಂತ ಆಕಾಶಕ್ಕೆ ನೆಗೆದು ಚಿಕ್ಕದಾಗುತ್ತ ಹೋಗುವುದನ್ನು ಕಂಡು ಜನ ಕೈಮುಗಿದರು. ಮದ್ರಾಸಿನಲ್ಲಿ ಟಿಕೆಟ್ಟಿನ ಚಿಲ್ಲರೆ ನಾಣ್ಯವನ್ನು ಪೊಲೀಸ್ ಕಾವಲಿನಲ್ಲಿ ಎತ್ತಿನ ಗಾಡಿಯಲ್ಲಿ ಸಾಗಿಸಿದರೆಂಬ ಮಾತು ಆಗಿನದು. 1918ರ ಜನವರಿಯಲ್ಲಿ ಮುಂಬಯಿಯ ಬಂಡವಾಳಗಾರರೊಂದಿಗೆ ಸೇರಿ ಹಿಂದೂಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಆರಂಭವಾಯಿತು. 1919ರ ‘ಕಾಳಿಯಮರ್ದನ’ದಲ್ಲಿ ಕೃಷ್ಣನಾದದ್ದು ಫಾಲ್ಕೆಯ ಪುಟ್ಟ ಮಗಳು ಮಂದಾಕಿನಿ. ಕಥೆ ಶುರುವಾಗುವ ಮುನ್ನ ಆ ಮಗು ತಾನಾಗಿಯೇ ತೆರೆಗೆ ಬಂದು ಅಳು, ನಗು, ಸಿಟ್ಟು, ಬೆರಗನ್ನು ಒಂದೊಂದಾಗಿ ತೋರಿಸುತ್ತಾಳೆ. ಆಮೇಲೆ ಅದೇ ಮುಖ ಕೃಷ್ಣನಾಗುತ್ತದೆ. ಇದು ಅಭಿನಯ, ಹೀಗೆ ಮಾಡುವುದು ಎಂದು ಅಪ್ಪ ಪ್ರೇಕ್ಷಕರಿಗೆ ಮೊದಲೇ ಹೇಳಿಬಿಡುತ್ತಾನೆ.

ಪಾಲುದಾರರೊಂದಿಗೆ ಮತ್ತೆ ಜಗಳ. ಬೇಸತ್ತು ಕಾಶಿಗೆ ಹೋಗಿ ‘ರಂಗಭೂಮಿ’ ಎಂಬ ನಾಟಕ ಬರೆದರು. ಮರಳಿ ಬಂದು ಚಿತ್ರ ಮಾಡಿದರು. ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು. 1932ರ ‘ಸೇತುಬಂಧನ’ಕ್ಕೆ ಆಮೇಲೆ ಧ್ವನಿ ಸೇರಿಸಬೇಕಾಯಿತು. ಕೊನೆಯ ಚಿತ್ರ, ಅವರ ಒಂದೇ ಪೂರ್ಣ ವಾಕ್ಚಿತ್ರ, 1937ರ ‘ಗಂಗಾವತರಣ’. ಅದು ಕೊಲ್ಹಾಪುರದಲ್ಲಿ ತಯಾರಾಯಿತು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ ಚಿತ್ರಿತವಾದದ್ದೂ ಕೊಲ್ಹಾಪುರದಲ್ಲೇ. 1939ರಲ್ಲಿ ಭಾರತೀಯ ಸಿನಿಮಾದ ಬೆಳ್ಳಿಹಬ್ಬ ಆಚರಿಸಿದಾಗ, ಬಡತನದಲ್ಲಿದ್ದ ಫಾಲ್ಕೆಗೆ ನಿಧಿ ಕೂಡಿಸಲು ಮುಂದೆ ನಿಂತವರು ವಿ. ಶಾಂತಾರಾಂ. ಅವರೂ ಹುಡುಗನಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು, ಅಲ್ಲಿನ ಚಿತ್ರಮಂದಿರದ ಬಾಗಿಲು ಕಾದವರು.

1969ರಿಂದ ಕೇಂದ್ರ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. 1995ರ ಪ್ರಶಸ್ತಿ ಡಾ. ರಾಜ್‌ಕುಮಾರ್ ಅವರಿಗೆ ಬಂತು. 2008ರದು ಮೈಸೂರಿನ ವಿ.ಕೆ. ಮೂರ್ತಿಯವರಿಗೆ, ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಕತ್ತಲ ಕೋಣೆಯ ಕೆಲಸದಿಂದ ಮೇಲೆದ್ದ ಫಾಲ್ಕೆ ಈ ಎರಡನೆಯ ಆಯ್ಕೆಗೆ ಹೆಚ್ಚು ಸಂತೋಷಪಡುತ್ತಿದ್ದರೆಂದು ನನಗೆ ಅನ್ನಿಸುತ್ತದೆ.

ಅವರು ತೆಗೆದ ಚಿತ್ರಗಳಲ್ಲಿ ಬಹುಪಾಲು ನಾಶವಾಗಿವೆ. ‘ರಾಜಾ ಹರಿಶ್ಚಂದ್ರ’ದ್ದೆಂದು ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿರುವ ತುಣುಕು, 1917ರಲ್ಲಿ ಫಾಲ್ಕೆ ಮತ್ತೆ ತೆಗೆದ ಆವೃತ್ತಿಯದೆಂದು ಕೆಲವು ಇತಿಹಾಸಕಾರರ ವಾದ. ‘ಕಾಳಿಯಮರ್ದನ’ ಬಹಳಷ್ಟು ಉಳಿದಿದೆ, ಅಂತರಜಾಲದಲ್ಲಿ ಸಿಗುತ್ತದೆ. ನಾಸಿಕದಲ್ಲಿ ಪಾಂಡವಲೇಣಿ ಗುಹೆಗಳ ಬೆಟ್ಟದ ಬುಡದಲ್ಲಿ ಫಾಲ್ಕೆ ಸ್ಮಾರಕವಿದೆ. ಮುಂದಿನ ಸಲ ಶಿರಡಿ, ತ್ರ್ಯಂಬಕ, ವಣಿಯ ಯಾತ್ರೆಗೆ ಹೊರಡುವವರು ಬಸ್ಸಿನವನಿಗೆ ಹೇಳಿ ಅಲ್ಲೊಂದು ಗಳಿಗೆ ನಿಲ್ಲಿಸಿ, ಹೊರಡುವ ಮುನ್ನ ಮನೆಯ ಮಕ್ಕಳ ಜೊತೆ ಕೂತು ಮಂದಾಕಿನಿಯ ಕೃಷ್ಣನನ್ನು ಒಮ್ಮೆ ನೋಡಿ.