ಟ್ರಾನ್ಸ್‌ಫಾರ್ಮರ್ಸ್ ಕಾಮಿಕ್ಸ್

ಕಾರು, ಲಾರಿ, ವಿಮಾನಗಳಾಗಿ ರೂಪ ಬದಲಿಸುವ ರೋಬಾಟ್ ಆಟಿಕೆಗಳನ್ನು ಆಧರಿಸಿ 1984ರಿಂದ ಪ್ರಕಟವಾಗುತ್ತಿರುವ ಚಿತ್ರಕಥಾ ಮಾಲೆಗಳು. ಅಮೆರಿಕದ ಹ್ಯಾಸ್ಬ್ರೋ ಕಂಪನಿ ಜಪಾನಿನ ಟಕಾರಾದಿಂದ ಡಯಾಕ್ಲೋನ್, ಮೈಕ್ರೋ ಚೇಂಜ್ ಎಂಬ ಆಟಿಕೆಗಳನ್ನು ತರಿಸಿ ಒಂದೇ ಹೆಸರಿನಲ್ಲಿ ಮಾರಲು ಹೊರಟಾಗ ಅವನ್ನೆಲ್ಲ ಬೆಸೆಯುವ ಕಥೆ ಇರಲಿಲ್ಲ. ಡಯಾಕ್ಲೋನ್ ರೋಬಾಟುಗಳಂತೂ ಪುಟಾಣಿ ಚಾಲಕರು ಒಳಗೆ ಕೂತು ನಡೆಸುವ ಯಂತ್ರಗಳಾಗಿದ್ದವು. ಅವುಗಳಿಗೆ ಸ್ವಂತ ಬುದ್ಧಿ, ಹಠ, ನೋವುಗಳನ್ನು ಕೊಟ್ಟು ಜೀವಿಗಳನ್ನಾಗಿಸಿದ್ದು ಮಾರ್ವೆಲ್ ಕಾಮಿಕ್ಸ್.

ಮಾರ್ವೆಲ್‌ನ ಪ್ರಧಾನ ಸಂಪಾದಕ ಜಿಮ್ ಶೂಟರ್ ಸೈಬರ್‌ಟ್ರಾನ್ ಗ್ರಹದ ಆಟೋಬಾಟ್ ಮತ್ತು ಡಿಸೆಪ್ಟಿಕಾನ್ ಪಂಗಡಗಳ ಯುದ್ಧದ ಮೂಲಕಥೆಯನ್ನು ಹೆಣೆದರು. ಆಟೋಬಾಟ್ ನಾಯಕನಿಗೆ ಇಟ್ಟ ಆಪ್ಟಿಮಸ್ ಪ್ರೈಮ್ ಎಂಬ ಹೆಸರು ಡೆನಿಸ್ ಓನೀಲ್ ಅವರದು. ಮಿಕ್ಕ ಬಹುಪಾಲು ಪಾತ್ರಗಳಿಗೆ ಹೆಸರಿಟ್ಟು ಗುಣಸ್ವಭಾವ ಬರೆದವರು ಬಾಬ್ ಬುಡಿಯಾನ್ಸ್ಕಿ. ಆಟಿಕೆಯ ಡಬ್ಬಿಯ ಹಿಂಬದಿಯಲ್ಲಿ ಮಕ್ಕಳು ಓದುತ್ತಿದ್ದ ಪಾತ್ರಪರಿಚಯವೂ ಅವರ ಬರಹವೇ.

ಮಾಲೆಯನ್ನು ಮೊದಲು ನಾಲ್ಕು ಸಂಚಿಕೆಗಳಿಗಷ್ಟೇ ಯೋಜಿಸಲಾಗಿತ್ತು. ಮಾರಾಟ ಚೆನ್ನಾಗಿದ್ದುದರಿಂದ ಅದು ಮಾಸಿಕವಾಗಿ ಬೆಳೆದು 1991ರಲ್ಲಿ 80ನೆಯ ಸಂಚಿಕೆಯೊಂದಿಗೆ ನಿಂತಿತು. ನಾಲ್ಕು ಸಂಚಿಕೆಗಳ ಮಾಲೆಯ 80ನೆಯ ಸಂಚಿಕೆ ಎಂದೇ ಕೊನೆಯ ಮುಖಪುಟದಲ್ಲಿ ಅಚ್ಚಾಯಿತು. ಐದನೆಯ ಸಂಚಿಕೆಯಿಂದ 55ರವರೆಗೆ ಬಹುತೇಕ ಬರವಣಿಗೆ ಬುಡಿಯಾನ್ಸ್ಕಿಯವರದು. ಅಂಗಡಿಗೆ ಹೊಸ ಆಟಿಕೆ ಬಂದಾಗಲೆಲ್ಲ ಕಥೆಯೊಳಗೆ ಅದಕ್ಕೆ ಜಾಗ ಮಾಡಿಕೊಡಬೇಕಿತ್ತು. ಹಾಗಾಗಿ ಹಳೆಯ ಪಾತ್ರಗಳು ಬೇಗ ಮರೆಯಾಗುತ್ತಿದ್ದವು. ಈ ಒತ್ತಡದ ನಡುವೆಯೂ ಅವರು 24ನೆಯ ಸಂಚಿಕೆಯಂಥ ಕಥೆ ಬರೆದರು. ವಿಡಿಯೋ ಗೇಮ್ ಒಳಗಿನ ಅಮಾಯಕ ಜೀವಿಗಳು ತನ್ನಿಂದ ಸತ್ತರೆಂಬ ಕಾರಣಕ್ಕೆ ಆಪ್ಟಿಮಸ್ ಪ್ರೈಮ್ ಅದರಲ್ಲಿ ತಾನು ಸೋತೆನೆಂದು ಒಪ್ಪಿ, ಪ್ರಾಣ ಬಿಡುತ್ತಾನೆ.

ಬ್ರಿಟನ್ನಿನಲ್ಲಿ ಇದೇ ಮಾಲೆ ಬೇರೆ ದಾರಿ ಹಿಡಿಯಿತು. ಅಲ್ಲಿನ ಪತ್ರಿಕೆ ವಾರಕ್ಕೊಮ್ಮೆ ಬರುತ್ತಿದ್ದುದರಿಂದ ಅಮೆರಿಕದ ಮಾಸಿಕ ಕಥೆಯನ್ನು ಕಂತುಗಳಾಗಿ ತುಂಡರಿಸಿದರೂ ಸಾಲುತ್ತಿರಲಿಲ್ಲ. ಆ ತೆರಪನ್ನು ಸೈಮನ್ ಫರ್ಮನ್ ಸ್ವಂತ ಕಥೆಗಳಿಂದ ತುಂಬಿದರು. 1986ರ ‘ಟಾರ್ಗೆಟ್: 2006’ರಲ್ಲಿ ಡಿಸೆಪ್ಟಿಕಾನ್ ನಾಯಕ ಗ್ಯಾಲ್ವಟ್ರಾನ್ ಭವಿಷ್ಯದಿಂದ ಹಿಂದಕ್ಕೆ ಬರುತ್ತಾನೆ. ಆಟಿಕೆಯ ಕಥೆಗೆ ಪುರಾಣದ ಹರವು ಬಂದದ್ದು ಇಂಥ ಕಡೆಗಳಲ್ಲಿ. ಮುಂದೆ 56ನೆಯ ಸಂಚಿಕೆಯಿಂದ ಅಮೆರಿಕದ ಮಾಲೆಯನ್ನೂ ಫರ್ಮನ್ ವಹಿಸಿಕೊಂಡು, ರೋಬಾಟುಗಳ ಸೃಷ್ಟಿಕರ್ತ ಪ್ರೈಮಸ್ ದೇವನ ಕಲ್ಪನೆಯನ್ನು ನೆಲೆಗೊಳಿಸಿದರು. ಬ್ರಿಟಿಷ್ ಪತ್ರಿಕೆ 332 ಸಂಚಿಕೆಗಳನ್ನು ಕಂಡು 1992ರಲ್ಲಿ ನಿಂತಿತು.

ಆಮೇಲೆ ಬಂದ ‘ಜನರೇಷನ್ 2’ ಹನ್ನೆರಡೇ ಸಂಚಿಕೆ ಬಾಳಿತು. 2002ರಲ್ಲಿ ಕೆನಡಾದ ಡ್ರೀಮ್‌ವೇವ್ ಹಕ್ಕು ಪಡೆದು ಭರ್ಜರಿಯಾಗಿ ಶುರುಮಾಡಿತಾದರೂ 2005ರ ಆರಂಭದಲ್ಲೇ ಬಾಗಿಲು ಮುಚ್ಚಿತು. ಅದೇ ವರ್ಷ ಐಡಿಡಬ್ಲ್ಯೂ ಪ್ರಕಾಶನ ಹಕ್ಕು ಪಡೆಯಿತು. 2012ರಲ್ಲಿ ಅದು ಹೊರತಂದ, ಜೇಮ್ಸ್ ರಾಬರ್ಟ್ಸ್ ಬರೆದು ಮುಖ್ಯವಾಗಿ ಅಲೆಕ್ಸ್ ಮಿಲ್ನ್ ಚಿತ್ರಿಸಿದ ‘ಮೋರ್ ದ್ಯಾನ್ ಮೀಟ್ಸ್ ದಿ ಐ’ ಈ ಪರಂಪರೆಯ ಅತ್ಯುತ್ತಮ ಕೃತಿಗಳಲ್ಲೊಂದು. ಅಲ್ಲಿ ಯುದ್ಧ ಮುಗಿದಿದೆ. ಯುದ್ಧವಷ್ಟೇ ಗೊತ್ತಿದ್ದವರು ಮುಂದೆ ಬದುಕುವುದು ಹೇಗೆಂಬ ಪ್ರಶ್ನೆ ಉಳಿದಿದೆ. ಡಿಸೆಪ್ಟಿಕಾನ್‌ಗಳ ನಾಯಕನಾಗಿದ್ದ ಮೆಗಾಟ್ರಾನ್ ಕೂಡ ಪಶ್ಚಾತ್ತಾಪದ ಹಾದಿ ಹಿಡಿಯುತ್ತಾನೆ. ಹೊಸ ಆಟಿಕೆ ಮಾರುವ ಹೊರೆ ಕಡಿಮೆಯಾದಷ್ಟೂ ಈ ಪಾತ್ರಗಳು ಆಳವಾಗಿವೆ.

2022ರ ಕೊನೆಗೆ ಐಡಿಡಬ್ಲ್ಯೂ ಬಳಿಯಿದ್ದ ಹಕ್ಕು ಮುಗಿದು ಸ್ಕೈಬೌಂಡ್ ಸಂಸ್ಥೆಗೆ ಹೋಯಿತು. 2023ರ ಅಕ್ಟೋಬರಿನಲ್ಲಿ ಡೇನಿಯಲ್ ವಾರೆನ್ ಜಾನ್ಸನ್ ಹೊಸ ಮಾಲೆ ಆರಂಭಿಸಿದರು. ಮುಂದಿನ ವರ್ಷ ಅದಕ್ಕೆ ಅತ್ಯುತ್ತಮ ಧಾರಾವಾಹಿ ಮಾಲೆಯ ಐಸ್ನರ್ ಪ್ರಶಸ್ತಿ ದೊರೆಯಿತು.