ಬಾಲ ತಂದರೂ ದುಡ್ಡು ಕೊಡುತ್ತಿದ್ದರಂತೆ!

ಮಸ್ಕತ್‌ನಿಂದ ಅಕ್ಕ ಫೋನ್ ಮಾಡಿದ್ದು 2022ರ ಏಪ್ರಿಲ್‌ನಲ್ಲಿ. ಹದಿನಾಲ್ಕು ವರ್ಷದ ಗಲ್ಫ್ ಸಂಸಾರ ಮುಗಿಸಿ ಊರಿಗೆ ವಾಪಸ್ ಬರುವುದು ಅಂತ ಭಾವ, ಅಕ್ಕ ಇಬ್ಬರೂ ತೀರ್ಮಾನ ಮಾಡಿ ಆಗಿತ್ತು. ಸೋಫಾ, ಫ್ರಿಜ್ಜು ಮಾರಿದ್ದರು. ಮಕ್ಕಳಿಗೆ ಉರ್ವದ ನಮ್ಮ ಮನೆಯ ಹತ್ತಿರವೇ ಶಾಲೆ ನೋಡಿಯೂ ಆಗಿತ್ತು. ಉಳಿದದ್ದು ಒಂದೇ... ಚಿನ್ನು.

ಚಿನ್ನು ಅಂದರೆ ಅವರ ಮನೆಯ ಬೆಕ್ಕು. ಒಂಬತ್ತು ವರ್ಷದ ಪರ್ಷಿಯನ್ ಬೆಕ್ಕು. ಬೂದು ಬಣ್ಣ, ಚಪ್ಪಟೆ ಮುಖ, ಮನೆಯವರೆಲ್ಲ ತನ್ನ ಬಾಡಿಗೆದಾರರು ಅನ್ನುವ ಹಾಗಿನ ನೋಟ.

"ಬಜ್ಪೆಗೆ ಮೂರು ಗಂಟೆಯ ದಾರಿ ಅಲ್ವಾ, ನಮ್ಮ ಜೊತೆಗೇ ಬರ್ತದೆ ಅಂತ ತಿಳ್ಕೊಂಡಿದ್ದೆ. ಈಗ ನೋಡಿದ್ರೆ ಅಲ್ಲಿ ಪ್ರಾಣಿ ಇಳಿಸ್ಲಿಕ್ಕೇ ಇಲ್ವಂತೆ!" ಅಂದಳು ಅಕ್ಕ. ಧ್ವನಿ ಅಳುವಿನ ಹತ್ತಿರ ಇತ್ತು.

ಅಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. "ಅಲ್ಲ ಮಗಾ, ಮಂಗಳೂರಲ್ಲಿ ಪುಚ್ಚೆಗೆ ಬರಗಾಲವಾ? ದಕ್ಕೆಗೆ ಹೋದ್ರೆ ಹತ್ತು ಸಿಗ್ತದೆ" ಅಂದರು. ನಾನು ನಕ್ಕೆ. ಅಕ್ಕ ನಗಲಿಲ್ಲ.

ಹುಡುಕಿ ನೋಡಿದೆ. ಅಕ್ಕ ಹೇಳಿದ್ದು ನಿಜ. ಹೊರದೇಶದಿಂದ ನಾಯಿ, ಬೆಕ್ಕು ತರುವುದಾದರೆ ಪ್ರಾಣಿಗಳ ಕ್ವಾರಂಟೈನ್ ಕೇಂದ್ರ ಇರುವ ಊರಿನಲ್ಲೇ ಇಳಿಸಬೇಕು. ಆಗ ಆ ಪಟ್ಟಿಯಲ್ಲಿದ್ದದ್ದು ದೆಹಲಿ, ಮುಂಬಯಿ, ಕೊಲ್ಕತ್ತ, ಚೆನ್ನೈ, ಹೈದರಾಬಾದ್, ಬೆಂಗಳೂರು. ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಖಾಯಂ ಆಗಿ ಮರಳುವವರು ಎರಡು ಸಾಕುಪ್ರಾಣಿ ತರಬಹುದು. ಆದರೆ ಮೈಕ್ರೋಚಿಪ್ ಬೇಕು, ರೇಬೀಸ್ ಲಸಿಕೆ ಹಾಕಿ ಒಂದು ತಿಂಗಳು ದಾಟಿರಬೇಕು, ಹನ್ನೆರಡು ತಿಂಗಳು ದಾಟಿರಬಾರದು, ಆ ದೇಶದ ಸರ್ಕಾರಿ ಪಶುವೈದ್ಯರ ಸರ್ಟಿಫಿಕೇಟು ಬೇಕು, ಇಲ್ಲಿನ ಕೇಂದ್ರದಿಂದ ಮುಂಚೆಯೇ ಒಪ್ಪಿಗೆ ಪತ್ರ ಬೇಕು. ಇದೆಲ್ಲದರ ಬುಡದಲ್ಲಿರುವುದು 1898ರ ಜಾನುವಾರು ಆಮದು ಕಾಯ್ದೆ.

ನನಗೆ ತಮಾಷೆ ಅನ್ನಿಸಿದ್ದು ಬೇರೆ. ಹೊರಮುಜ್, ಮಸ್ಕತ್ ಕಡೆಯಿಂದ ನಮ್ಮ ಕರಾವಳಿಗೆ ಪ್ರಾಣಿಗಳು ಬರುವುದು ಹೊಸ ವಿಷಯ ಏನಲ್ಲವಲ್ಲ! ವಿಮಾನ ಬರುವುದಕ್ಕೆ ನೂರಾರು ವರ್ಷ ಮೊದಲಿನಿಂದ ಹಡಗು ಹಡಗು ತುಂಬಾ ಬರುತ್ತಿದ್ದವು. ಬೆಕ್ಕಲ್ಲ, ಕುದುರೆ.

ಆ ಕಾಲದ ಪ್ರಯಾಣ ಹೇಗಿತ್ತು ಅಂತ ಹದಿಮೂರನೇ ಶತಮಾನದಲ್ಲಿ ಹೊರಮುಜ್ ನೋಡಿದ ಮಾರ್ಕೊ ಪೋಲೊ ಬರೆದಿಟ್ಟಿದ್ದಾನೆ. ಅಲ್ಲಿಯ ಹಡಗುಗಳಿಗೆ ಕಬ್ಬಿಣದ ಮೊಳೆ ಇಲ್ಲ. ತೆಂಗಿನ ನಾರಿನ ಹುರಿಯಲ್ಲಿ ಹಲಗೆಗಳನ್ನು ಹೊಲಿದದ್ದು. ಹಡಗಿಗೆ ಸರಕು ತುಂಬಿ, ಅದರ ಮೇಲೆ ಚರ್ಮ ಹೊದಿಸಿ, ಆ ಚರ್ಮದ ಮೇಲೆ ಕುದುರೆ ನಿಲ್ಲಿಸುತ್ತಿದ್ದರು. ಇಂಥ ಹಡಗುಗಳಲ್ಲಿ ಎಷ್ಟೋ ಮುಳುಗಿಹೋಗುತ್ತವೆ ಅಂತಲೂ ಹೇಳುತ್ತಾನೆ. ಇವತ್ತು ವಿಮಾನದ ನಿಯಮ ಏನು ಗೊತ್ತಾ? ಪ್ರಾಣಿ ಗೂಡಿನೊಳಗೆ ನೆಟ್ಟಗೆ ನಿಲ್ಲಬೇಕು, ತಿರುಗಬೇಕು, ಸಹಜವಾಗಿ ಮಲಗಬೇಕು. ಆ ಕುದುರೆಗಳಿಗೆ ಮಲಗುವ ಜಾಗ ಎಲ್ಲಿಯದು ಪಾಪ.

ಹೊರಡುವ ಕಾಲವನ್ನು ನಿರ್ಧಾರ ಮಾಡುವುದು ನಾವಲ್ಲ, ಗಾಳಿ. ಇದಕ್ಕೆ ಒಳ್ಳೆ ಉದಾಹರಣೆ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್. 1442ರಲ್ಲಿ ಆತ ಹೊರಮುಜ್ ಬಿಟ್ಟದ್ದೇ ತಡವಾಗಿ. ಗಾಳಿಯ ಕಾಲ ತಪ್ಪಿಹೋಗಿತ್ತು. ಒಮಾನ್ ತೀರದಲ್ಲಿ ಸಿಕ್ಕಿಹಾಕಿಕೊಂಡ. ಅಲ್ಲಿಯ ಸೆಕೆಯನ್ನು ಬಯ್ದದ್ದು ಅವನ ಬರವಣಿಗೆಯಲ್ಲೇ ಪ್ರಸಿದ್ಧವಾದ ಭಾಗ. ಕಾಯಿಲೆ ಬಿದ್ದ, ಜೊತೆಗಿದ್ದ ಅಣ್ಣನನ್ನು ಅಲ್ಲೇ ಕಳೆದುಕೊಂಡ. ಗಾಳಿ ಸಿಕ್ಕಿದ ಮೇಲೆ ಕಲ್ಲಿಕೋಟೆ ಮುಟ್ಟಲು ಹದಿನೆಂಟು ದಿನ ಸಾಕಾಯಿತು. ಅಲ್ಲಿಂದ 1443ರಲ್ಲಿ ನಮ್ಮ ಮಂಗಳೂರಿಗೆ ಬಂದು, ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಕಲ್ಲಿಕೋಟೆಯ ಸಾಮೂದಿರಿಗೆ ಅವನು ತಂದ ಉಡುಗೊರೆಗಳಲ್ಲಿ ಒಂದು ಕುದುರೆಯೂ ಇತ್ತು.

ಈ ಸೆಕೆಯ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತದೆ.

ಇಷ್ಟು ಕಷ್ಟಪಟ್ಟು ಕುದುರೆ ತರಿಸುವುದು ಯಾಕೆ? ದಕ್ಷಿಣದಲ್ಲಿ ಒಳ್ಳೆ ಯುದ್ಧದ ಕುದುರೆ ಹುಟ್ಟುತ್ತಿರಲಿಲ್ಲ. ಬಹಮನಿಯವರಿಗೂ ಬೇಕು, ವಿಜಯನಗರದವರಿಗೂ ಬೇಕು. ಹಾಗಾಗಿ ಪಶ್ಚಿಮ ತೀರದ ಬಂದರುಗಳಿಗೆಲ್ಲ ಬೆಲೆ ಬಂತು. ನಮ್ಮ ಕಡೆ ಕುದುರೆಗೆ ಭಟ್ಕಳ, ಹೊನ್ನಾವರದ್ದೇ ದೊಡ್ಡ ಹೆಸರು. ಮಂಗಳೂರಿನದ್ದು ಅಕ್ಕಿ, ಮೆಣಸು, ಶುಂಠಿ. ಆದರೆ ಜನ ಅದೇ ಜನ. 1342ರ ಹೊತ್ತಿಗೆ ಇಲ್ಲಿಗೆ ಬಂದ ಇಬ್ನ್ ಬತೂತ, ಫಾರ್ಸ್ ಮತ್ತು ಯಮನ್ ದೇಶದ ವ್ಯಾಪಾರಿಗಳಲ್ಲಿ ಹೆಚ್ಚಿನವರು ಇಳಿಯುವುದು ಇಲ್ಲೇ ಅಂತ ಬರೆದಿದ್ದಾನೆ. ನಾಲ್ಕು ಸಾವಿರದಷ್ಟು ಮುಸಲ್ಮಾನ ವ್ಯಾಪಾರಿಗಳು ಊರ ಹೊರಗಿನ ಕೇರಿಯಲ್ಲಿ ಇದ್ದರಂತೆ.

ಈಗ ತಲೆಬರಹದ ವಿಷಯಕ್ಕೆ ಬರೋಣ. ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಒಂದು ಮಾತು ಹೇಳುತ್ತಾನೆ. ಸಾಳುವ ನರಸಿಂಹ (1485ರಿಂದ 1491ರವರೆಗೆ ಆಳಿದವನು) ಹೊರಮುಜ್ ಮತ್ತು ಏಡನ್‌ನಿಂದ ಕುದುರೆ ತರಿಸುವಾಗ ಸಾವಿರ ಪರದಾವ್ ನಾಣ್ಯಕ್ಕೆ ಮೂರು ಕುದುರೆ ಅಂತ ಲೆಕ್ಕ. ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ! ಸಮುದ್ರದ ನಡುವೆ ಕುದುರೆ ಸತ್ತರೆ ವ್ಯಾಪಾರಿ ಅದರ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಬದುಕಿರುವ ಕುದುರೆಯ ಬೆಲೆಯೇ ಸಿಗುತ್ತಿತ್ತಂತೆ.

ಓದಿ ಮೊದಲು ನಗು ಬಂತು. ಆಮೇಲೆ ಯೋಚನೆ ಮಾಡಿದರೆ ರಾಜ ದಡ್ಡನಲ್ಲ. ದಾರಿಯಲ್ಲಿ ಸತ್ತರೆ ನಷ್ಟ ವ್ಯಾಪಾರಿಯದ್ದು ಅಂತಾದರೆ ಅವನು ಕುದುರೆ ತರುವುದನ್ನೇ ನಿಲ್ಲಿಸಬಹುದು, ಇಲ್ಲ ಪಕ್ಕದ ಶತ್ರುವಿಗೆ ಕೊಡಬಹುದು. ಸಮುದ್ರದ ಅಪಾಯವನ್ನು ರಾಜ ತನ್ನ ಖಜಾನೆಯ ಮೇಲೆ ಹಾಕಿಕೊಂಡ. ಆ ಬಾಲವೇ ಆ ಕಾಲದ ಇನ್ಶೂರೆನ್ಸ್ ಪತ್ರ ಅನ್ನಿ.

ಆದರೆ ರಾಜನ ಬೆಂಬಲ ಇಲ್ಲದೆ ಒಂಟಿಯಾಗಿ ಬಂದವನ ಗತಿ? ರಷ್ಯಾದ ಅಫನಾಸಿ ನಿಕಿತಿನ್ ಹಾಗೆ ಬಂದವನು. 1470ರ ಆಸುಪಾಸಿನಲ್ಲಿ ನೂರು ರೂಬಲ್ ಕೊಟ್ಟು ಒಂದು ಗಂಡು ಕುದುರೆ ಕೊಂಡು, ಹೊರಮುಜ್‌ನಿಂದ ಮಸ್ಕತ್ ಮೇಲೆ ಹಡಗಿನಲ್ಲಿ ಚೌಲ್ ಬಂದರಿಗೆ ಬಂದ. ಜುನ್ನಾರ್‌ನಲ್ಲಿ ಅಲ್ಲಿಯ ಅಧಿಕಾರಿ ಅಸದ್ ಖಾನ್ ಕುದುರೆ ಕಿತ್ತುಕೊಂಡ. ಮತ ಬದಲಾಯಿಸಿದರೆ ಕುದುರೆಯೂ ಸಿಗುತ್ತದೆ, ಸಾವಿರ ಹೊನ್ನೂ ಸಿಗುತ್ತದೆ ಅಂದ. ಕೊನೆಗೆ ಖುರಾಸಾನಿನ ಒಬ್ಬ ದೊಡ್ಡ ಮನುಷ್ಯ ನಡುವೆ ಬಂದು ಕುದುರೆ ಬಿಡಿಸಿಕೊಟ್ಟ. ಅದನ್ನು ನಿಕಿತಿನ್ ಮಾರಿದ್ದು ನಮ್ಮ ಬೀದರಿನಲ್ಲಿ. ಅಷ್ಟು ಹೊತ್ತಿಗೆ ಒಂದು ವರ್ಷ ಅದಕ್ಕೆ ಮೇವು ಹಾಕಿದ ಖರ್ಚಿನ ಲೆಕ್ಕವನ್ನೂ ಬರೆದಿಟ್ಟಿದ್ದಾನೆ! ಇಲ್ಲಿ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಹಾಕಿ ಕಿಚಡಿ ಮಾಡಿ ಕೊಡುತ್ತಾರೆ ಅಂತ ಆಶ್ಚರ್ಯಪಟ್ಟಿದ್ದಾನೆ.

ಇವೆಲ್ಲ ವ್ಯಾಪಾರದ, ಯುದ್ಧದ ಪ್ರಾಣಿಗಳಾದವು. ಬರೀ ಪ್ರೀತಿಗೆ ಸಾಕಿದ ಪ್ರಾಣಿಯನ್ನು ಯಾರಾದರೂ ಇಷ್ಟು ದೂರ ಒಯ್ಯುವ ಯೋಚನೆ ಮಾಡಿದ್ದರಾ? ಹೀಗೆ ಹುಡುಕುವಾಗ ಸಿಕ್ಕಿದವನು ಪಿಯೆತ್ರೊ ದೆಲ್ಲಾ ವಾಲೆ.

ಉಳ್ಳಾಲದ ರಾಣಿಯ ಕತೆ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ರೋಮ್ ನಗರದವನು. 1623ರ ಕೊನೆಗೆ ಇಕ್ಕೇರಿ ನೋಡಿ ಮಂಗಳೂರಿಗೆ ಬಂದ. ಉಳ್ಳಾಲದ ರಾಣಿ ಬರಿಗಾಲಲ್ಲಿ ನಿಂತು ನೀರಿನ ಕಾಲುವೆಯ ಕೆಲಸ ಮಾಡಿಸುತ್ತಿದ್ದಳು, ಅಲ್ಲೇ ದಾರಿಯಲ್ಲಿ ಅವಳ ಜೊತೆ ಮಾತಾಡಿದ. ಕದ್ರಿ ಗುಡ್ಡ ಹತ್ತಿ ಜೋಗಿಗಳ ಅರಸನನ್ನೂ ನೋಡಿದ. ಇದಿಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಬೆಕ್ಕಿನ ವಿಷಯ!

ಮಂಗಳೂರಿಗೆ ಬರುವ ಮೂರು ವರ್ಷ ಮುಂಚೆ, 1620ರಲ್ಲಿ ಪರ್ಷಿಯಾದ ಇಸ್ಫಹಾನ್‌ನಿಂದ ಬರೆದ ಕಾಗದದಲ್ಲಿ ಆತ ಖುರಾಸಾನಿನ ಬೆಕ್ಕುಗಳನ್ನು ವರ್ಣಿಸಿದ್ದಾನೆ. ಬೂದು ಬಣ್ಣ, ರೇಷ್ಮೆಯಂಥ ಉದ್ದ ಕೂದಲು, ಅಳಿಲಿನ ಹಾಗೆ ಪೊದೆಬಾಲ. ಪೋರ್ಚುಗೀಸರು ಇವನ್ನು ಪರ್ಷಿಯಾದಿಂದ ಭಾರತಕ್ಕೂ ಒಯ್ದಿದ್ದಾರೆ ಅಂತ ಬರೆದು, ತಾನು ನಾಲ್ಕು ಜೋಡಿ ಬೆಕ್ಕುಗಳನ್ನು ಇಟಲಿಗೆ ತಗೊಂಡು ಹೋಗುವ ಆಸೆ ಹೇಳಿಕೊಂಡಿದ್ದಾನೆ. ಯುರೋಪಿನಲ್ಲಿ ಪರ್ಷಿಯನ್ ಬೆಕ್ಕಿನ ಇತಿಹಾಸ ಬರೆಯುವವರು ಶುರುಮಾಡುವುದು ಈ ಕಾಗದದಿಂದಲೇ.

ಆಮೇಲೆ ಅವನಿಗಾದದ್ದು ದುಃಖದ ಕತೆ. ಹೆಂಡತಿ ಮಾನಿ ಬಗ್ದಾದಿನವಳು. ಊರಿಗೆ ಮರಳಲು ಹೊರಮುಜ್ ಕಡೆ ಹೊರಟವರು ಯುದ್ಧದ ನಡುವೆ ಸಿಕ್ಕಿಬಿದ್ದರು. 1621ರ ಡಿಸೆಂಬರ್‌ನಲ್ಲಿ ಅವಳು ಮಿನಾಬ್‌ನಲ್ಲಿ ತೀರಿಹೋದಳು. ಅವಳನ್ನು ಅಲ್ಲಿ ಬಿಟ್ಟುಬರಲು ಅವನಿಂದ ಆಗಲಿಲ್ಲ. ದೇಹ ಕೆಡದ ಹಾಗೆ ಕರ್ಪೂರ ಹಾಕಿ, ಪೆಟ್ಟಿಗೆಯಲ್ಲಿಟ್ಟು, ಸಾಮಾನಿನ ನಡುವೆ ಸೇರಿಸಿ ಭಾರತಕ್ಕೂ ತಂದ. ಕೊನೆಗೆ ಮಸ್ಕತ್, ಬಸ್ರಾ ದಾಟಿ 1626ರಲ್ಲಿ ರೋಮ್ ಮುಟ್ಟಿ, ಮರುವರ್ಷ ಅಲ್ಲಿ ಮಣ್ಣು ಮಾಡಿದ.

ಇದನ್ನು ಓದಿದ ದಿನ ಅಕ್ಕನಿಗೆ ಫೋನ್ ಮಾಡಿದೆ. ಬಿಟ್ಟು ಬರಲು ಆಗದವರು ನಾಲ್ಕು ನೂರು ವರ್ಷ ಹಿಂದೆಯೂ ಇದ್ದರು ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅವನಿಗೆ ಸರ್ಟಿಫಿಕೇಟು ಬೇಕಿರ್ಲಿಲ್ಲ ಅಲ್ವಾ" ಅಂದಳು.

ಬೆಂಗಳೂರಿಗೆ ಕಾರ್ಗೋದಲ್ಲಿ ಕಳಿಸುವುದು ಅಂತಾಯಿತು. ಮೇ ತಿಂಗಳ ಬುಕಿಂಗ್ ಕೊನೆ ಗಳಿಗೆಯಲ್ಲಿ ರದ್ದಾಯಿತು. ಕಾರಣ ಸೆಕೆ! ಚಪ್ಪಟೆ ಮುಖದ ಪ್ರಾಣಿಗಳಿಗೆ ಉಸಿರಾಟ ಕಷ್ಟ, ಬಿಸಿಗೆ ಸಾಯುವ ಅಪಾಯ ಜಾಸ್ತಿ. ಹಾಗಾಗಿ ಬೇಸಿಗೆಯಲ್ಲಿ ಎಷ್ಟೋ ವಿಮಾನ ಕಂಪನಿಗಳು ತಗೊಳ್ಳುವುದಿಲ್ಲ. ವಿಚಿತ್ರ ಅಂದರೆ ದೆಲ್ಲಾ ವಾಲೆಯ ಕಾಲದ ಬೆಕ್ಕಿಗೆ ಈ ಚಪ್ಪಟೆ ಮುಖ ಇರಲಿಲ್ಲ. ಚೆಂದ ಕಾಣಲಿ ಅಂತ ಇಂಗ್ಲೆಂಡ್, ಅಮೆರಿಕದವರು ತಳಿ ಬೆಳೆಸುತ್ತಾ ಬೆಳೆಸುತ್ತಾ ಮಾಡಿದ್ದು ಅದು. ಗಾಳಿಯ ಕಾಲ ತಪ್ಪಿಸಿಕೊಂಡ ಅಬ್ದುರ್ ರಜಾಕನ ಹಾಗೆ ಚಿನ್ನುವೂ ಮಸ್ಕತ್‌ನಲ್ಲೇ ಬಾಕಿ.

ಅಕ್ಕ, ಮಕ್ಕಳು ಶಾಲೆ ಶುರುವಾಗುವ ಮೊದಲು ಬಂದರು. ಭಾವ ಕಂಪನಿಯವರನ್ನು ಕೇಳಿಕೊಂಡು ಇನ್ನೂ ಆರು ತಿಂಗಳು ಕೆಲಸ ಮುಂದುವರಿಸಿದರು. ಬೆಕ್ಕಿಗೋಸ್ಕರ! ನೆಂಟರೆಲ್ಲ ಆಡಿಕೊಂಡರು. ಅಮ್ಮನಂತೂ ಭಾವನ ಮೇಲಿನ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿದರು. ಚಿಕ್ಕವಳು ಮಾತ್ರ ರಾತ್ರಿ ಫೋನಿನಲ್ಲಿ ಅಪ್ಪನ ಮುಖಕ್ಕಿಂತ ಮೊದಲು ಚಿನ್ನುವಿನ ಮುಖ ತೋರಿಸಲು ಹೇಳುತ್ತಿದ್ದಳು.

ನಿಯಮವನ್ನು ನಾನು ಬಯ್ಯುವುದಿಲ್ಲ. ಪ್ರಾಣಿಯ ಜೊತೆ ರೋಗವೂ ಪ್ರಯಾಣ ಮಾಡುತ್ತದೆ. 1959ರಿಂದ 1961ರ ನಡುವೆ ಆಫ್ರಿಕಾದ ಕುದುರೆ ರೋಗ ಮಧ್ಯಪ್ರಾಚ್ಯ, ಪಾಕಿಸ್ತಾನ ದಾಟಿ ಭಾರತಕ್ಕೂ ಬಂತು. ಮೂರು ಲಕ್ಷಕ್ಕಿಂತ ಹೆಚ್ಚು ಕುದುರೆ, ಕತ್ತೆ, ಹೇಸರಗತ್ತೆಗಳು ಆ ರೋಗಕ್ಕೆ ಬಲಿಯಾದವು. ತಪಾಸಣೆ ಬೇಕೇ ಬೇಕು. ನನ್ನ ತಕರಾರು ಇಷ್ಟೇ: 2006ರಿಂದ ಗಲ್ಫಿಗೆ ವಿಮಾನ ಹಾರುವ ಊರು ನಮ್ಮದು. ಮನೆಗೊಬ್ಬರು ಅಲ್ಲಿದ್ದಾರೆ. ತಪಾಸಣೆ ಮಾಡುವ ಒಬ್ಬ ಡಾಕ್ಟರು, ಒಂದು ಕೋಣೆ ಬಜ್ಪೆಯಲ್ಲಿ ಇದ್ದರೆ ಆಗದಾ?

ನವೆಂಬರ್‌ನಲ್ಲಿ ಭಾವ, ಚಿನ್ನು ಇಬ್ಬರೂ ಬೆಂಗಳೂರಿನಲ್ಲಿ ಇಳಿದರು. ಬರಮಾಡಿಕೊಳ್ಳಲು ನಾನು ಹೋಗಿದ್ದೆ. ಕಾಗದ ಪತ್ರ ನೋಡಿ, ಚಿಪ್ ನಂಬರ್ ತಾಳೆ ಮಾಡಿ, ಬೆಕ್ಕನ್ನು ಮುಟ್ಟಿ ನೋಡಿ ಬಿಡುವಾಗ ಮಧ್ಯಾಹ್ನ ದಾಟಿತ್ತು. ಭಾವನಿಗೆ ಟಿಕೇಟಿಗಿಂತ ಬೆಕ್ಕಿನ ಖರ್ಚೇ ಹೆಚ್ಚಾಗಿತ್ತು. ಶಿರಾಡಿ ಘಾಟಿಯ ತಿರುವುಗಳಲ್ಲಿ ಚಿನ್ನು ಕೂಗಿದ್ದು ಕೂಗಿದ್ದೇ. ಉರ್ವದ ಮನೆಗೆ ಮುಟ್ಟುವಾಗ ರಾತ್ರಿ ಹನ್ನೊಂದು. ಮಕ್ಕಳು ಮಲಗಿರಲಿಲ್ಲ. ಗೂಡಿನ ಬಾಗಿಲು ತೆಗೆದರೆ ಚಿನ್ನು ಯಾರ ಹತ್ತಿರವೂ ಹೋಗದೆ ಸೀದಾ ಅಮ್ಮನ ಮಂಚದ ಅಡಿಗೆ ನುಗ್ಗಿತು. "ಪಾಪ, ಹೆದರಿದೆ. ಯಾರೂ ಎಬ್ಬಿಸಬೇಡಿ" ಅಂತ ಅಮ್ಮ ಎಲ್ಲರನ್ನೂ ಕೋಣೆಯಿಂದ ಹೊರಗೆ ಹಾಕಿದರು!

ರಾಜರ ಕುದುರೆಗಳ ಲೆಕ್ಕ ಇತಿಹಾಸದಲ್ಲಿ ಬೇಕಾದಷ್ಟು ಉಂಟು, ಸತ್ತ ಕುದುರೆಯ ಬಾಲದ ಲೆಕ್ಕವೂ ಉಂಟು. ಯಾಕೆಂದರೆ ಅದಕ್ಕೆ ದುಡ್ಡು ಕೊಡುವವರು ಇದ್ದರು. ಮನೆಯ ಬೆಕ್ಕಿಗೆ ಅಂಥ ರಾಜ ಯಾರೂ ಇಲ್ಲ. ದಾರಿಯ ಅಪಾಯ, ಖರ್ಚು, ನೆಂಟರ ನಗು ಎಲ್ಲವನ್ನೂ ಸಾಕಿದವರೇ ಹೊರಬೇಕು. ಹಾಗೆ ಹೊತ್ತವರ ಕತೆ ಸಿಗುವುದು ಯಾವುದಾದರೂ ಹಳೆ ಕಾಗದದಲ್ಲಿ ನಾಲ್ಕು ಸಾಲು ಮಾತ್ರ. ಅದಕ್ಕೇ ಇದನ್ನು ಬರೆದಿಟ್ಟೆ. ನಿಮ್ಮ ಮನೆಯಲ್ಲೂ ಹೀಗೆ ಸಮುದ್ರ ದಾಟಿದ ನಾಯಿಯೋ ಬೆಕ್ಕೋ ಇದ್ದರೆ ನೀವೂ ಬರೆಯಿರಿ ಮಾರಾಯ್ರೇ, ಓದಲಿಕ್ಕೆ ನಾನಿದ್ದೇನೆ :-)